ಸಂಬಳದ ತಾರೀಖು ಇಲ್ಲದ ಮನೆಯಲ್ಲಿ ಹಣದ ಮಾತು ಆಡುವ ಬಗೆ

ಕಂಪನಿಗೆ ರಾಜೀನಾಮೆ ಕೊಟ್ಟ ವರ್ಷದ ದೀಪಾವಳಿಗೆ ತಿಪಟೂರಿನ ಬಳಿಯ ನಮ್ಮೂರಿಗೆ ಹೋದಾಗ, ಹಬ್ಬದ ಸೀರೆಗೆಂದು ನಾನು ಪ್ರತಿವರ್ಷ ಕೊಡುತ್ತಿದ್ದ 5,000 ರೂಪಾಯಿಯನ್ನು ಅಮ್ಮ ತೆಗೆದುಕೊಳ್ಳಲಿಲ್ಲ. "ನಿನಗೇ ಬೇಕಾಗುತ್ತೆ, ಇಟ್ಕೊ" ಎಂದಳು. ಆ ಹೊತ್ತಿಗೆ ನನ್ನ ಖಾತೆಯಲ್ಲಿ ಹದಿನಾಲ್ಕು ತಿಂಗಳ ಖರ್ಚಿಗೆ ಆಗುವಷ್ಟು ಹಣವಿತ್ತು. ಹಿಂದಿನ ವರ್ಷ ಸಂಬಳ ಬರುತ್ತಿದ್ದಾಗ ಎರಡು ತಿಂಗಳಿಗೆ ಸಾಲುವಷ್ಟೂ ಇರಲಿಲ್ಲ. ಆದರೂ ಆ ವರ್ಷ ಕೊಡುವ ಕೈಯಾಗಿದ್ದವಳು ಈ ವರ್ಷ ಕನಿಕರಕ್ಕೆ ಪಾತ್ರಳಾಗಿದ್ದೆ.

ತಿಂಗಳ ಕೊನೆಗೆ ತಪ್ಪದೆ ಬರುವ ಸಂಬಳವು ಹೊಟ್ಟೆಬಟ್ಟೆ ನೋಡಿಕೊಳ್ಳುವುದರ ಜೊತೆಗೆ, ಮನೆಯೊಳಗೆ ನಾವು ಆಡಬೇಕಾದ ಹಲವು ಮಾತುಗಳನ್ನು ನಮ್ಮ ಪರವಾಗಿ ತಾನೇ ಆಡಿ ಮುಗಿಸಿರುತ್ತದೆ. ಮನೆಸಾಲದ ಕಂತು ಯಾರ ಖಾತೆಯಿಂದ ಹೋಗಬೇಕು, ತಮ್ಮನ ಮದುವೆಗೆ ಯಾರು ಎಷ್ಟು ಹಾಕಬೇಕು, ಮಗುವಿಗೆ ಜ್ವರ ಬಂದ ದಿನ ಯಾರು ರಜೆ ಹಾಕಬೇಕು, ನೆಂಟರ ನಡುವೆ ಯಾರ ಮಾತಿಗೆ ಎಷ್ಟು ತೂಕ ಎಂಬುವೆಲ್ಲ ಯಾರೂ ಕುಳಿತು ತೀರ್ಮಾನಿಸಿದವುಗಳಲ್ಲ; ಸಂಬಳದ ಸುತ್ತ ತಾವಾಗಿಯೇ ಹೊಂದಿಕೊಂಡವು. ಸಂಬಳ ನಿಂತ ದಿನ ಅವೆಲ್ಲವೂ ಮತ್ತೆ ಪ್ರಶ್ನೆಗಳಾಗಿ ಎದ್ದು ನಿಲ್ಲುತ್ತವೆ. ಅವುಗಳಿಗೆ ಬಾಯಿಬಿಟ್ಟು, ಅಂಕಿ ಸಮೇತ ಉತ್ತರ ಹೇಳಿಕೊಳ್ಳದೆ ಹೋದರೆ ಊಹೆಗಳು ಆ ಜಾಗವನ್ನು ತುಂಬುತ್ತವೆ. ಆ ಮಾತುಗಳನ್ನು ಯಾರೊಡನೆ, ಯಾವಾಗ, ಯಾವ ಅಂಕಿಗಳನ್ನು ಮುಂದಿಟ್ಟುಕೊಂಡು ಆಡಬೇಕೆಂಬುದನ್ನು ಇಲ್ಲಿ ಬರೆದಿದ್ದೇನೆ. ನನ್ನ ಕಣ್ಣಮುಂದಿರುವ ಓದುಗರು ಹತ್ತು ಹದಿನೈದು ವರ್ಷ ಕಂಪನಿಯಲ್ಲಿ ದುಡಿದು, ಮನೆಸಾಲವನ್ನು ಹೊತ್ತು, ಊರಿನಲ್ಲಿ ವಯಸ್ಸಾದ ತಂದೆ ತಾಯಿಯರನ್ನು ಇಟ್ಟುಕೊಂಡು, ಇನ್ನು ಮುಂದೆ ಸ್ವಂತವಾಗಿ ಕೆಲಸ ಹಿಡಿಯಬೇಕೆಂದಿರುವವರು. ತೆರಿಗೆಯ ಮತ್ತು ನಿಧಿಗಳ ವಿವರಗಳು 2025-26ರ ಹಣಕಾಸು ವರ್ಷಕ್ಕೆ ಸೇರಿದವು.

ರಾಜೀನಾಮೆ ಪತ್ರಕ್ಕೆ ಮೊದಲು

ನಿಮ್ಮದೆಂದು ನೀವು ತಿಳಿದಿರುವ ಹಣದಲ್ಲಿ ನಿಜವಾಗಿ ನಿಮ್ಮದು ಎಷ್ಟು ಎಂಬುದನ್ನು ಮೊದಲು ಬರೆದುಕೊಳ್ಳಿರಿ. ಐದು ವರ್ಷ ಸತತವಾಗಿ ಕೆಲಸ ಮಾಡಿದವರಿಗೆ ಗ್ರಾಚ್ಯುಟಿ, ಅಂದರೆ ಸೇವೆಗಾಗಿ ಕಂಪನಿ ಬಿಡುವಾಗ ಒಟ್ಟಿಗೆ ಕೊಡುವ ಹಣ, ಸಲ್ಲುತ್ತದೆ. ಕೊನೆಯ ತಿಂಗಳ ಮೂಲವೇತನವನ್ನು (ತುಟ್ಟಿಭತ್ಯೆ ಇದ್ದರೆ ಅದನ್ನೂ ಸೇರಿಸಿ) 26ರಿಂದ ಭಾಗಿಸಿ, 15ರಿಂದ ಗುಣಿಸಿ, ಅದನ್ನು ಸೇವೆಯ ವರ್ಷಗಳಿಂದ ಗುಣಿಸಿದರೆ ಬರುವ ಮೊತ್ತವೇ ಅದು. ಮೂಲವೇತನ 80,000 ರೂಪಾಯಿ, ಸೇವೆ 11 ವರ್ಷ ಎಂದಾದರೆ ಸುಮಾರು 5,07,700 ರೂಪಾಯಿ ಬರುತ್ತದೆ. ಆರು ತಿಂಗಳಿಗಿಂತ ಹೆಚ್ಚಿನ ಅವಧಿಯನ್ನು ಪೂರ್ಣ ವರ್ಷವೆಂದು ಎಣಿಸುವುದರಿಂದ, ಹತ್ತು ವರ್ಷ ಐದು ತಿಂಗಳಿಗೆ ಬಿಡುವವರು ಎರಡು ತಿಂಗಳು ತಾಳಿಕೊಂಡರೆ ಒಂದು ವರ್ಷದ ಹಣ ಹೆಚ್ಚಾಗಿ ಸಿಗುತ್ತದೆ. 2025ರ ನವೆಂಬರ್ 21ರಂದು ಜಾರಿಗೆ ಬಂದ ಕಾರ್ಮಿಕ ಸಂಹಿತೆಗಳು ಒಟ್ಟು ಸಂಬಳದ ಕನಿಷ್ಠ ಅರ್ಧವನ್ನು ವೇತನವೆಂದು ಪರಿಗಣಿಸಬೇಕೆನ್ನುವುದರಿಂದ, ಮೂಲವೇತನವನ್ನು ಬೇಕೆಂದೇ ಕಡಿಮೆ ತೋರಿಸಿದ ಕಡೆಗಳಲ್ಲಿ ಈ ಮೊತ್ತ ಏರಬಹುದು. ಬಳಸದೆ ಉಳಿದ ರಜೆಯ ಹಣಕ್ಕೆ ಖಾಸಗಿ ನೌಕರರಿಗೂ ಜೀವಮಾನದಲ್ಲಿ 25 ಲಕ್ಷದವರೆಗೆ ತೆರಿಗೆ ವಿನಾಯಿತಿ ಇದೆ.

ಭವಿಷ್ಯ ನಿಧಿಯ (ಪಿ.ಎಫ್.) ವಿಷಯದಲ್ಲಿ ಜನ ಎರಡು ತಪ್ಪು ಮಾಡುತ್ತಾರೆ. ಕೆಲಸ ಬಿಟ್ಟ ಕೂಡಲೇ ಅದನ್ನು ಪೂರ್ತಿಯಾಗಿ ತೆಗೆದು ಖರ್ಚಿನ ಖಾತೆಗೆ ಹಾಕಿಕೊಳ್ಳುವುದು ಮೊದಲನೆಯದು. ಎರಡು ತಿಂಗಳು ಕೆಲಸವಿಲ್ಲದಿದ್ದರೆ ಪೂರ್ತಿ ತೆಗೆಯಬಹುದೆಂಬ ಹಳೆಯ ನಿಯಮದ ಬದಲಿಗೆ, 75 ಶೇಕಡವನ್ನು ಮೊದಲೇ ತೆಗೆಯಲು ಬಿಟ್ಟು ಉಳಿದದ್ದಕ್ಕೆ ಹನ್ನೆರಡು ತಿಂಗಳು ಕಾಯಿಸುವ ವ್ಯವಸ್ಥೆಗೆ ನಿಧಿಯ ಕೇಂದ್ರೀಯ ಟ್ರಸ್ಟಿಗಳ ಮಂಡಳಿಯು 2025ರ ಅಕ್ಟೋಬರ್‌ನಲ್ಲಿ ಒಪ್ಪಿಗೆ ಕೊಟ್ಟಿದೆ. ಹಾಗಾಗಿ ಅಷ್ಟೂ ಹಣ ಕೈಗೆ ಬಂದೀತೆಂದು ಲೆಕ್ಕ ಹಾಕಿಕೊಳ್ಳಬಾರದು. ಖಾತೆಯನ್ನು ಮರೆತು ವರ್ಷಗಟ್ಟಲೆ ಬಿಡುವುದು ಎರಡನೆಯ ತಪ್ಪು. ನಿಧಿಗೆ ಬಡ್ಡಿಯೇನೋ ಬರುತ್ತಿರುತ್ತದೆ, ಆದರೆ ಕೆಲಸ ಬಿಟ್ಟ ನಂತರ ಸೇರಿದ ಬಡ್ಡಿಗೆ ತೆರಿಗೆ ಕಟ್ಟಬೇಕೆಂದು ಬೆಂಗಳೂರಿನ ಆದಾಯ ತೆರಿಗೆ ಮೇಲ್ಮನವಿ ನ್ಯಾಯಮಂಡಳಿಯೇ ಹೇಳಿದೆ. ನಿಧಿಯ ಪಿಂಚಣಿ ಯೋಜನೆಯಲ್ಲಿ ಹತ್ತು ವರ್ಷ ಸೇವೆ ತುಂಬಿದ್ದರೆ 58ರ ವಯಸ್ಸಿಗೆ ಪಿಂಚಣಿಯ ಹಕ್ಕೂ ಇರುತ್ತದೆ. ಒಂಬತ್ತು ವರ್ಷಕ್ಕೆ ಸಿಟ್ಟಿನಿಂದ ಎದ್ದು ಬರುವವರು ಇದನ್ನೊಮ್ಮೆ ನೆನೆಯುವುದು ಒಳ್ಳೆಯದು.

ಕಂಪನಿಯು ನೌಕರರಿಗೆಂದು ಕೊಡಮಾಡಿದ ಷೇರುಗಳಲ್ಲಿ ಇನ್ನೂ ನಿಮ್ಮ ಹೆಸರಿಗೆ ಬಾರದವು ಬಿಟ್ಟ ದಿನವೇ ಹೋಗುತ್ತವೆ. ಷೇರು ಕೊಳ್ಳುವ ಹಕ್ಕು ನಿಮಗೆ ಬಂದಿದ್ದರೂ, ಅದನ್ನು ಚಲಾಯಿಸಲು ಹಲವು ಕಡೆ ಕೆಲವೇ ತಿಂಗಳ ಗಡುವು ಇರುತ್ತದೆ, ಮತ್ತು ಚಲಾಯಿಸಿದಾಗ ಅಂದಿನ ಬೆಲೆಗೂ ನೀವು ಕೊಟ್ಟ ಬೆಲೆಗೂ ಇರುವ ವ್ಯತ್ಯಾಸವನ್ನು ಸಂಬಳವೆಂದೇ ಎಣಿಸಿ ತೆರಿಗೆ ಹಾಕುತ್ತಾರೆ. ಮಾರುಕಟ್ಟೆಯಲ್ಲಿ ಮಾರಲಾಗದ ಕಾಗದಕ್ಕೆ ಕೈಯಿಂದ ತೆರಿಗೆ ಕಟ್ಟಿ, ಆ ಹಣವನ್ನು ಅಣ್ಣನಿಂದಲೋ ಮಾವನಿಂದಲೋ ಕೇಳಿ ತಂದವರನ್ನು ನಾನು ಕಂಡಿದ್ದೇನೆ.

ಇವೆಲ್ಲಕ್ಕಿಂತ ಹೆಚ್ಚು ಆತಂಕ ಪಡಬೇಕಾದದ್ದು ಆರೋಗ್ಯ ವಿಮೆಯ ಬಗ್ಗೆ. ಕಂಪನಿಯ ಗುಂಪು ವಿಮೆ ಸಾಮಾನ್ಯವಾಗಿ ಕೊನೆಯ ಕೆಲಸದ ದಿನಕ್ಕೆ ಮುಗಿಯುತ್ತದೆ. ನಮ್ಮ ವಿಮೆಗಿಂತ ಹೆಚ್ಚಾಗಿ, ಅದರ ನೆರಳಿನಲ್ಲಿದ್ದ ಅಪ್ಪ ಅಮ್ಮನ ವಿಮೆ ಹೋಗುತ್ತದೆ. ಸಕ್ಕರೆ ಕಾಯಿಲೆ, ರಕ್ತದೊತ್ತಡ ಇದ್ದರೂ ಮೊದಲ ದಿನದಿಂದಲೇ ಚಿಕಿತ್ಸೆಯ ಖರ್ಚು ಕೊಡುವ ವಿಮೆ ಎಪ್ಪತ್ತು ದಾಟಿದವರಿಗೆ ಹೊರಗೆ ಸುಲಭಕ್ಕೆ ಸಿಗುವುದಿಲ್ಲ. ಮೊದಲೇ ಇದ್ದ ಕಾಯಿಲೆಗಳಿಗೆ ಹೊಸ ಪಾಲಿಸಿಗಳಲ್ಲಿ ಮೂರು ವರ್ಷದವರೆಗೂ ಕಾಯಬೇಕಾಗಬಹುದು. ಗುಂಪು ವಿಮೆಯಿಂದ ಅದೇ ವಿಮಾ ಕಂಪನಿಯ ವೈಯಕ್ತಿಕ ಪಾಲಿಸಿಗೆ ಬದಲಾಯಿಸಿಕೊಳ್ಳಲು, ಈಗಾಗಲೇ ಕಾದ ಅವಧಿಯ ಲಾಭವನ್ನು ಉಳಿಸಿಕೊಂಡು, ಅವಕಾಶವಿದೆ. ಈ ಅರ್ಜಿಯನ್ನು ನೋಟಿಸ್ ಅವಧಿಯ ಮೊದಲ ವಾರದಲ್ಲೇ ಹಾಕಿರಿ, ಕೊನೆಯ ವಾರಕ್ಕೆ ಬಿಡಬೇಡಿರಿ. 2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಆರೋಗ್ಯ ವಿಮೆಯ ಕಂತಿನ ಮೇಲೆ ಜಿ.ಎಸ್.ಟಿ. ಇಲ್ಲವಾದ್ದರಿಂದ ಹೊರೆ ಸ್ವಲ್ಪ ಇಳಿದಿದೆ. ನಾನು ಈ ಅರ್ಜಿ ಹಾಕಲು ತಡಮಾಡಿದೆ. ಅಪ್ಪನ ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆಯ ಖರ್ಚನ್ನು ತಮ್ಮ ಕೊಟ್ಟ. ಕೊಟ್ಟಿದ್ದು ದೊಡ್ಡ ಮೊತ್ತವೇನಲ್ಲ, ಆದರೆ ಆ ನಂತರದ ಎರಡು ವರ್ಷ ಮನೆಯ ಯಾವ ಚರ್ಚೆಯಲ್ಲೂ ನನ್ನ ದನಿ ಮೊದಲಿನಷ್ಟು ಗಟ್ಟಿಯಾಗಿ ಏಳಲಿಲ್ಲ.

ಮನೆಸಾಲದ ಬಗ್ಗೆ ಚಿಕ್ಕದಾಗಿ ಹೇಳುವುದಾದರೆ, ಸ್ವಂತ ಉದ್ಯೋಗದವರಿಂದ ಬ್ಯಾಂಕುಗಳು ಎರಡು ಮೂರು ವರ್ಷಗಳ ಆದಾಯ ತೆರಿಗೆ ವಿವರಗಳನ್ನು ಕೇಳುವುದರಿಂದ, ಬಿಟ್ಟ ಮೇಲೆ ಕೆಲವು ವರ್ಷ ಹೊಸ ಸಾಲ ಸುಲಭಕ್ಕೆ ಹುಟ್ಟುವುದಿಲ್ಲ. ಬದಲಾಗುವ ಬಡ್ಡಿದರದ ಮನೆಸಾಲವನ್ನು ಅವಧಿಗೆ ಮೊದಲು ತೀರಿಸಿದರೆ ದಂಡವಿಲ್ಲ. ಹಾಗೆಂದು ಕೈಯಲ್ಲಿರುವುದನ್ನೆಲ್ಲ ಸಾಲಕ್ಕೆ ಸುರಿದು ಬರಿಗೈಯಲ್ಲಿ ಕೂರುವುದೂ ಸಲ್ಲದು. ಇಬ್ಬರ ಹೆಸರಿನಲ್ಲಿ ಸಾಲವಿದ್ದರೆ, ಒಬ್ಬರ ಸಂಬಳ ನಿಂತರೂ ಹೊಣೆ ಇಬ್ಬರದೂ ಆಗಿಯೇ ಉಳಿಯುತ್ತದೆಂಬುದನ್ನು ನಿಮ್ಮ ಸಂಗಾತಿಗೆ ನೀವೇ ಹೇಳಬೇಕು, ಬ್ಯಾಂಕಿನ ಪತ್ರ ಹೇಳಬಾರದು.

ಒಂದನೆಯ ತಾರೀಖನ್ನು ನೀವೇ ಹುಟ್ಟಿಸಿಕೊಳ್ಳುವುದು

ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂದು ಹಿರಿಯರು ಹೇಳಿದ್ದು ಹಾಸಿಗೆಯ ಉದ್ದ ಗೊತ್ತಿರುವವರಿಗೆ. ಸ್ವಂತ ಕೆಲಸದಲ್ಲಿ ಆ ಉದ್ದ ತಿಂಗಳಿಂದ ತಿಂಗಳಿಗೆ ಬದಲಾಗುತ್ತದೆ: ಮಾರ್ಚ್‌ನಲ್ಲಿ 2 ಲಕ್ಷ ಬಂದು, ಏಪ್ರಿಲ್, ಮೇ ಎರಡರಲ್ಲೂ ಏನೂ ಬಾರದಿರಬಹುದು. 2 ಲಕ್ಷ ಬಂದ ತಿಂಗಳು ಮನೆಯಲ್ಲಿ ಹೊಸ ಸೋಫಾದ ಮಾತು, ಬಾರದ ತಿಂಗಳು ಹಾಲಿನವನ ಲೆಕ್ಕಕ್ಕೂ ಸಿಡಿಮಿಡಿ ಎಂದಾದರೆ, ಗಂಡ ಹೆಂಡಿರ ನಡುವೆ ಏರುಪೇರಾಗುವುದು ಆದಾಯ ಮಾತ್ರವಲ್ಲ.

ಇದಕ್ಕೆ ನಾನು ಕಂಡುಕೊಂಡ ದಾರಿ ಸರಳವಾದದ್ದು, ಮತ್ತು ಈ ಬರಹದಲ್ಲಿ ಒಂದೇ ಒಂದನ್ನು ಪಾಲಿಸುವುದಿದ್ದರೆ ಇದನ್ನೇ ಪಾಲಿಸಿರೆಂದು ಹೇಳುತ್ತೇನೆ. ದುಡಿಮೆಯ ಹಣವೆಲ್ಲ ಬಂದು ಬೀಳಲು ಒಂದು ಖಾತೆ, ತೆರಿಗೆಗೆ ಎತ್ತಿಡಲು ಒಂದು ಖಾತೆ, ಮನೆಯ ಖರ್ಚಿಗೆ ಒಂದು ಖಾತೆ ಎಂದು ಮೂರನ್ನು ಬೇರೆ ಬೇರೆ ಇಡಬೇಕು. ಹಣ ಬಂದ ದಿನವೇ ಅದರಲ್ಲಿ ಒಂದು ಪಾಲು ತೆರಿಗೆಯ ಖಾತೆಗೆ ಹೋಗಬೇಕು. ಪ್ರತಿ ತಿಂಗಳ ಒಂದನೆಯ ತಾರೀಖಿಗೆ, ದುಡಿಮೆಯ ಖಾತೆಯಿಂದ ಮನೆಯ ಖಾತೆಗೆ ಮೊದಲೇ ಗೊತ್ತುಮಾಡಿಕೊಂಡ ಮೊತ್ತವೊಂದು ತಾನಾಗಿ ವರ್ಗವಾಗುವಂತೆ ಬ್ಯಾಂಕಿಗೆ ಸೂಚನೆ ಕೊಟ್ಟಿರಬೇಕು. ಆ ತಿಂಗಳ ಗಳಿಕೆ ಸೊನ್ನೆಯಾದರೂ ಅಷ್ಟೇ, 3 ಲಕ್ಷವಾದರೂ ಅಷ್ಟೇ. ನನ್ನ ಪಾಲಿನ ಮೊತ್ತವನ್ನು ಆರಂಭದಲ್ಲಿ 60,000 ರೂಪಾಯಿಗೆ ನಿಲ್ಲಿಸಿದ್ದೆ. ಹೀಗೆ ಹದಿನೆಂಟು ತಿಂಗಳು ಏನೂ ಗಳಿಸದಿದ್ದರೂ ಕೊಡಬಲ್ಲೆನೆಂದಾದರೆ 10,80,000 ರೂಪಾಯಿ ಮೊದಲೇ ದುಡಿಮೆಯ ಖಾತೆಯಲ್ಲಿರಬೇಕು. ಆರು ತಿಂಗಳ ಖರ್ಚು ಕೂಡಿಟ್ಟರೆ ಸಾಕೆಂಬ ಮಾತು ಸಂಬಳದಾರರಿಗೆ, ಅಂದರೆ ಮತ್ತೊಂದು ಸಂಬಳ ಹುಡುಕಿಕೊಳ್ಳುವವರಿಗೆ ಸರಿ. ಗ್ರಾಹಕರನ್ನು ಒಬ್ಬೊಬ್ಬರಾಗಿ ಹುಡುಕಬೇಕಾದವರಿಗೆ ಅದು ಸಾಲದು.

ಇದರಿಂದ ಮನೆಗೆ ಸಂಬಳದ ತಾರೀಖು ಮರಳಿ ಸಿಗುತ್ತದೆ. ಅಷ್ಟೇ ಮುಖ್ಯವಾಗಿ, ಗ್ರಾಹಕರಿಂದ ಹಣ ಬಂತೋ ಇಲ್ಲವೋ ಎಂಬ ದಿನನಿತ್ಯದ ಚಿಂತೆ ಕೆಲಸದ ಖಾತೆಯ ಒಳಗೇ ಉಳಿದು, ಊಟದ ಹೊತ್ತಿನ ಮಾತಿಗೆ ಬಂದು ಕೂರುವುದಿಲ್ಲ.

ಗಂಡ ಹೆಂಡಿರ ನಡುವಿನ ಹಾಳೆ

ನಾನು ಕೆಲಸ ಬಿಟ್ಟಾಗ ಹತ್ತಿರದವರೆಲ್ಲರೂ ಹೇಳಿದ್ದು, "ಬಿಡು, ಹೇಗೂ ಯಜಮಾನರ ಸಂಬಳ ಇದೆಯಲ್ಲ" ಎಂದು. ಸಮಾಧಾನಕ್ಕೆ ಹೇಳಿದ ಮಾತು. ಆದರೆ ಅದರೊಳಗೆ, ಹದಿಮೂರು ವರ್ಷ ನಾನು ತಂದದ್ದೆಲ್ಲ ಮೇಲುಖರ್ಚಿನ ಹಣ, ಇನ್ನು ಮುಂದೆ ನನ್ನದು ಹೊತ್ತು ಕಳೆಯುವ ಕೆಲಸ ಎಂಬ ಎರಡು ತೀರ್ಪುಗಳಿದ್ದವು. ಗಂಡಸು ಬಿಟ್ಟರೆ ಇದೇ ನೆರೆಹೊರೆ "ಮನೆ ಹೇಗೆ ನಡೆಯುತ್ತೆ?" ಎಂದು ಕೇಳುತ್ತದೆ, ಅವನಿಗೆ ಬೀಳುವ ಪೆಟ್ಟು ಬೇರೆ ಬಗೆಯದು, ಆದರೆ ಪೆಟ್ಟಂತೂ ಹೌದು. ಈ ಮಾತುಗಳಿಗೆ ಹೊರಗಿನವರೊಡನೆ ವಾದಿಸಿ ಫಲವಿಲ್ಲ. ಮನೆಯೊಳಗೆ ಇಬ್ಬರಿಗೂ ಒಂದೇ ಉತ್ತರವಿದ್ದರೆ ಸಾಕು.

ರಾಜೀನಾಮೆಗೆ ಒಂದು ತಿಂಗಳು ಮೊದಲು, ಮಕ್ಕಳು ಮಲಗಿದ ಮೇಲೆ ಒಂದು ರಾತ್ರಿ ಕುಳಿತು ಒಂದು ಹಾಳೆಯ ಮೇಲೆ ನಾಲ್ಕು ಸಂಗತಿಗಳನ್ನು ಬರೆಯಬೇಕೆಂದು ಸೂಚಿಸುತ್ತೇನೆ. ತಿಂಗಳಿಗೆ ಯಾರು ಎಷ್ಟು ಮನೆಯ ಖಾತೆಗೆ ಹಾಕುತ್ತಾರೆಂಬುದು ಮೊದಲನೆಯದು. ಇನ್ನೊಬ್ಬರನ್ನು ಕೇಳದೆ ಒಬ್ಬರೇ ಖರ್ಚು ಮಾಡಬಹುದಾದ ಮಿತಿ ಎಷ್ಟೆಂಬುದು ಎರಡನೆಯದು. ನಮ್ಮಲ್ಲಿ ಅದು 7,000 ರೂಪಾಯಿ, ಮತ್ತು ಅದು ಗಳಿಸುವವರಿಗೂ ಗಳಿಸದವರಿಗೂ ಒಂದೇ. ಕೂಡಿಟ್ಟ ಹಣ ಯಾವ ಗೆರೆಗೆ ಇಳಿದರೆ ಮತ್ತೆ ನೌಕರಿ ಹುಡುಕಬೇಕೆಂಬುದು ಮೂರನೆಯದು. ಈ ಗೆರೆಯನ್ನು ಮೊದಲೇ ಎಳೆಯದೆ ಹೋದರೆ, ಹಣ ಕರಗುತ್ತಿರುವಾಗ ಒಬ್ಬರು "ಇನ್ನು ಆರು ತಿಂಗಳು" ಎನ್ನುತ್ತ, ಇನ್ನೊಬ್ಬರು ಏನೂ ಅನ್ನದೆ ಒಳಗೊಳಗೇ ಎಣಿಸುತ್ತ ಕೂರುತ್ತಾರೆ. ಆ ಮೌನ ಬಹಳ ದುಬಾರಿ. ಗೆರೆ ಹಾಳೆಯ ಮೇಲಿದ್ದರೆ ನೌಕರಿಗೆ ಮರಳುವುದು ಸೋಲಿನ ಮಾತಾಗದೆ ಒಪ್ಪಂದದ ಮಾತಾಗುತ್ತದೆ.

ನಾಲ್ಕನೆಯದು ಹಣದ ಮಾತಲ್ಲವೆಂದು ತೋರುತ್ತದೆ, ಆದರೆ ಹಣದಷ್ಟೇ ಮುಖ್ಯವಾದದ್ದು: ಮನೆಯಲ್ಲಿ ಕುಳಿತು ಕೆಲಸ ಮಾಡುವವರ ಹೊತ್ತು ಯಾರದು? ಗ್ಯಾಸ್ ಸಿಲಿಂಡರ್ ಬರುವುದು, ಪ್ಲಂಬರ್ ಬರುವುದು, ಶಾಲೆಯಿಂದ ಕರೆ ಬರುವುದು, ಅತ್ತೆಯವರನ್ನು ರಕ್ತಪರೀಕ್ಷೆಗೆ ಕರೆದೊಯ್ಯುವುದು ಎಲ್ಲವೂ "ನೀನು ಮನೆಯಲ್ಲೇ ಇರುತ್ತೀಯಲ್ಲ" ಎಂಬ ಒಂದು ವಾಕ್ಯದ ಬೆನ್ನೇರಿ ನಮ್ಮ ಕಡೆಗೆ ಹರಿದು ಬರುತ್ತವೆ. ನಾನು ಮೊದಲ ನಾಲ್ಕು ತಿಂಗಳು ದಿನಕ್ಕೆ ಎಷ್ಟು ಗಂಟೆ ನಿಜವಾಗಿ ಕೆಲಸ ಮಾಡಿದೆನೆಂದು ಡೈರಿಯಲ್ಲಿ ಬರೆದಿಟ್ಟಿದ್ದೆ. ಸರಾಸರಿ ಮೂರೂವರೆ ಗಂಟೆ. ಆ ಡೈರಿಯನ್ನು ಯಜಮಾನರ ಮುಂದಿಟ್ಟು, ನಾನು ಗಂಟೆಗೆ ಎಷ್ಟು ದರ ಹೇಳುತ್ತೇನೋ ಅದನ್ನು ಕಳೆದುಹೋದ ಗಂಟೆಗಳಿಂದ ಗುಣಿಸಿ ತೋರಿಸಿದೆ. ಬೇಸರದಿಂದ ಹೇಳಿದಾಗ ಹತ್ತು ಸಲ ಕಿವಿಗೆ ಬೀಳದ ಮಾತು ಅಂಕಿಯಾದಾಗ ಒಮ್ಮೆಗೇ ಬಿತ್ತು. ಬೆಳಿಗ್ಗೆ 9.30ರಿಂದ ಮಧ್ಯಾಹ್ನ 2ರವರೆಗೆ ನನ್ನ ಕೋಣೆಯ ಬಾಗಿಲು ಮುಚ್ಚಿರುತ್ತದೆಂಬ ನಿಯಮ ಅಂದು ಹುಟ್ಟಿದ್ದು ಇಂದಿಗೂ ನಡೆದಿದೆ.

ತವರು, ಮುಯ್ಯಿ, ಕೈಗಡ

ತಂದೆ ತಾಯಿಗೆ ತಿಂಗಳು ತಿಂಗಳು ಕಳಿಸುತ್ತಿದ್ದ ಹಣವನ್ನು ಏಕಾಏಕಿ ನಿಲ್ಲಿಸುವುದಕ್ಕಿಂತ, ಮೊತ್ತವನ್ನು ಇಳಿಸಿಯಾದರೂ ತಾರೀಖು ತಪ್ಪದೆ ಕಳಿಸುವುದು ಮೇಲು. ವಯಸ್ಸಾದವರಿಗೆ ಮೊತ್ತಕ್ಕಿಂತ ತಾರೀಖು ಹೆಚ್ಚು ಧೈರ್ಯ ಕೊಡುತ್ತದೆ. ಎಷ್ಟು ಇಳಿಸುತ್ತೀರೆಂಬುದನ್ನು ಎದುರು ಕುಳಿತು ಹೇಳಿರಿ. ಕಾರಣವನ್ನು ಕಂಪನಿಯ ಮೇಲೆ ಹಾಕಿ, "ತೆಗೆದುಬಿಟ್ಟರು" ಎಂದು ಸುಳ್ಳು ಹೇಳಬೇಡಿರಿ, ಏಕೆಂದರೆ ಆ ಸುಳ್ಳು ಊರಿಗೆಲ್ಲ ಹಬ್ಬಿ, ಮರುವರ್ಷ ನಿಮಗೆ ಕೆಲಸ ಕೊಡಿಸುವವರ ಸಾಲು ಹಿಡಿದು ನಿಮ್ಮ ಬಾಗಿಲಿಗೇ ಬರುತ್ತದೆ.

ಮದುವೆ, ಗೃಹಪ್ರವೇಶಗಳ ಮುಯ್ಯಿ ನಮ್ಮ ಕಡೆಯ ಹಳೆಯ ಲೆಕ್ಕ. ಕೊಟ್ಟದ್ದನ್ನು ಬರೆದಿಡುವ ಮನೆಗಳಿವೆ, ಬಂದದ್ದಕ್ಕೆ ಮೇಲೊಂದಿಷ್ಟು ಸೇರಿಸಿ ತೀರಿಸಬೇಕೆಂಬ ಅಲಿಖಿತ ನಿಯಮವಿದೆ. ಕಂಪನಿಯ ಸಂಬಳದ ದಿನಗಳಲ್ಲಿ ನಾವು ಆ ಲೆಕ್ಕವನ್ನು ನಮ್ಮ ಅಂತಸ್ತಿಗೆ ತಕ್ಕಂತೆ ಏರಿಸಿರುತ್ತೇವೆ. ಅದನ್ನು ಇಳಿಸಲು ನಾಚಿಕೆಪಡಬೇಕಾಗಿಲ್ಲ, ಆದರೆ ಎಲ್ಲರಿಗೂ ಒಂದೇ ಬಾರಿಗೆ ಇಳಿಸಬೇಕು. ಗಂಡನ ಕಡೆಯವರಿಗೆ ಹಳೆಯ ಮೊತ್ತ, ತವರಿನವರಿಗೆ ಹೊಸ ಮೊತ್ತ ಎಂದಾದರೆ ಅದು ಹಣದ ವಿಷಯವಾಗಿ ಉಳಿಯುವುದಿಲ್ಲ. ನಾವು ವರ್ಷಕ್ಕೆ 30,000 ರೂಪಾಯಿ ಎಂದು ಒಟ್ಟು ಮೊತ್ತ ನಿಗದಿಮಾಡಿ, ಲಗ್ನಪತ್ರಿಕೆಗಳು ಬಂದ ಹಾಗೆ ಅದರೊಳಗೇ ಹಂಚುತ್ತೇವೆ.

ಕೈಗಡದ ಸಂಗತಿ ಇದಕ್ಕಿಂತ ತೊಡಕಿನದು. ಬಿಟ್ಟಾಗ ಗ್ರಾಚ್ಯುಟಿ, ನಿಧಿಯ ಹಣ ಒಟ್ಟಿಗೆ ಬರುತ್ತದೆಂಬುದು ನೆಂಟರಿಷ್ಟರಿಗೆ ನಮಗಿಂತ ಮೊದಲೇ ಗೊತ್ತಿರುತ್ತದೆ. ಅದು ನಿಮ್ಮ ಮುಂದಿನ ಹದಿನೆಂಟು ತಿಂಗಳ ಸಂಬಳವೆಂಬುದು ಅವರಿಗೆ ಕಾಣುವುದಿಲ್ಲ, ಸುಮ್ಮನೆ ಬಿದ್ದಿರುವ ಗಂಟೆಂದೇ ಕಾಣುತ್ತದೆ. "ಈ ಹಣ ಮನೆಯ ಖಾತೆಗೆ ತಿಂಗಳು ತಿಂಗಳು ಹೋಗುವಂತೆ ಕಟ್ಟಿಹಾಕಿದ್ದೇವೆ" ಎಂಬ ಉತ್ತರ ನಿಜವೂ ಹೌದು, ಮುಖ ಮುರಿಯುವಂಥದ್ದೂ ಅಲ್ಲ. ಕೊಡಲೇಬೇಕಾದ ಹತ್ತಿರದವರಾದರೆ, ಮರಳಿ ಬಾರದಿದ್ದರೂ ಸಂಬಂಧ ಕೆಡದಷ್ಟನ್ನು ಮಾತ್ರ ಕೊಡುಗೆಯೆಂದೇ ತಿಳಿದು ಕೊಡಿರಿ. ಜಾಮೀನಿಗೆ ಸಹಿ ಹಾಕುವುದನ್ನು ಮಾತ್ರ ಮೊದಲ ಮೂರು ವರ್ಷ ಯಾರಿಗೂ ಮಾಡಬೇಡಿರಿ.

ಹೆಣ್ಣುಮಕ್ಕಳಿಗೆ ಇನ್ನೊಂದು ಮಾತನ್ನು ಹೇಳಲೇಬೇಕು. ಸಂಬಳದ ಬಿಸಿಯಲ್ಲಿದ್ದಾಗ ತವರಿನ ಆಸ್ತಿಯ ಹಕ್ಕು ಬಿಡುಗಡೆ ಪತ್ರಕ್ಕೆ "ನನಗೇಕೆ ಬೇಕು, ತಮ್ಮನಿಗಿರಲಿ" ಎಂದು ಸಹಿ ಹಾಕಿಬಂದ ಗೆಳತಿಯರು ನನಗೆ ಹಲವರಿದ್ದಾರೆ. ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೆ ಸಮಪಾಲು ಕೊಡುವ ತಿದ್ದುಪಡಿ ಕರ್ನಾಟಕದಲ್ಲಿ 1994ರಲ್ಲೇ ಜಾರಿಗೆ ಬಂತು; ಕೇಂದ್ರದ ಹಿಂದೂ ಉತ್ತರಾಧಿಕಾರ ಕಾಯಿದೆ 2005ರಲ್ಲಿ ತಿದ್ದುಪಡಿಯಾಯಿತು; ಈ ಹಕ್ಕು ಹುಟ್ಟಿನಿಂದಲೇ ಬರುತ್ತದೆಂದು ಸುಪ್ರೀಂ ಕೋರ್ಟ್ 2020ರಲ್ಲಿ ಸ್ಪಷ್ಟಪಡಿಸಿತು. ಕೆಲಸ ಬಿಟ್ಟ ವರ್ಷದಲ್ಲಿ ಪಾಲು ಕೇಳಲೂ ಹೋಗಬೇಡಿರಿ, ಬಿಟ್ಟುಕೊಡಲೂ ಹೋಗಬೇಡಿರಿ. ಕೇಳಿದರೆ "ದುಡಿಮೆ ನಿಂತಿತು, ಆಸ್ತಿಗೆ ಬಂದಳು" ಎಂಬ ಮಾತು ಏಳುತ್ತದೆ. ಬಿಟ್ಟುಕೊಟ್ಟರೆ, ಸಂಬಳವಿಲ್ಲದ ತಂಗಿ ಎಂಬ ಕೀಳರಿಮೆಯನ್ನು ಔದಾರ್ಯದಿಂದ ಮುಚ್ಚಿಕೊಂಡಂತೆ ಆಗುತ್ತದೆ. ಎರಡು ವರ್ಷ ಕಳೆದು, ನಿಮ್ಮ ದುಡಿಮೆ ಒಂದು ನೆಲೆಗೆ ಬಂದ ಮೇಲೆ ಎರಡರಲ್ಲಿ ಯಾವುದನ್ನು ಮಾಡಿದರೂ ಅದು ನಿಮ್ಮ ನಿರ್ಧಾರವಾಗಿರುತ್ತದೆ.

ಹಳೆಯ ಸಹೋದ್ಯೋಗಿ ಗ್ರಾಹಕನಾದಾಗ

ಮೊದಲ ಕೆಲಸಗಳು ಬರುವುದು ಬಹುತೇಕ ಹಳೆಯ ಪರಿಚಯದಿಂದಲೇ. ಕೆಲಸ ಬಿಟ್ಟ ಮೇಲೆ ಅದೇ ಕ್ಷೇತ್ರದಲ್ಲಿ ದುಡಿಯಬಾರದೆಂಬ ಷರತ್ತು ನಿಮ್ಮ ನೇಮಕಾತಿ ಪತ್ರದಲ್ಲಿದ್ದರೆ ಹೆದರಬೇಕಾಗಿಲ್ಲ. 1872ರ ಕರಾರು ಕಾಯಿದೆಯ 27ನೆಯ ಕಲಮಿನ ಪ್ರಕಾರ ಇಂಥ ನಿರ್ಬಂಧ ಸಾಮಾನ್ಯವಾಗಿ ಊರ್ಜಿತವಾಗುವುದಿಲ್ಲ. ಆದರೆ ಕಂಪನಿಯ ಗುಟ್ಟುಗಳನ್ನು ಹೊರಗೆ ಬಿಡಬಾರದೆಂಬ ಷರತ್ತು ಊರ್ಜಿತವಾಗುತ್ತದೆ. ಹಳೆಯ ಕಡತಗಳನ್ನು ಮನೆಯ ಲ್ಯಾಪ್‌ಟಾಪಿಗೆ ತಂದಿಟ್ಟುಕೊಳ್ಳಬೇಡಿರಿ.

ಗೆಳೆಯರಿಗೆ ದರ ಹೇಳುವಾಗ ನಾಲಿಗೆ ತಡವರಿಸುತ್ತದೆ. ಅದಕ್ಕೆ ಮದ್ದು, ದರವನ್ನು ಮೊದಲೇ ಲೆಕ್ಕ ಹಾಕಿ ಬರೆದಿಟ್ಟುಕೊಳ್ಳುವುದು. ವರ್ಷದ 365 ದಿನಗಳಲ್ಲಿ ವಾರಾಂತ್ಯದ 104, ಹಬ್ಬ, ಕಾಯಿಲೆ, ಊರಿನ ಓಡಾಟಗಳ 30 ಕಳೆದರೆ 231 ದಿನಗಳು ಉಳಿಯುತ್ತವೆ. ಅದರಲ್ಲೂ ಸುಮಾರು ಅರ್ಧ ಕೆಲಸ ಹುಡುಕಲು, ಮಾತುಕತೆಗೆ, ಬಿಲ್ಲು ಬರೆಯಲು, ಬಾಕಿ ಕೇಳಲು ಹೋಗಿ, ಹಣ ಹುಟ್ಟುವ ದಿನಗಳು ನೂರಿಪ್ಪತ್ತಕ್ಕೆ ನಿಲ್ಲುತ್ತವೆ. ಮನೆಯ ಪಾಲು, ವಿಮೆ, ಉಳಿತಾಯ, ತೆರಿಗೆ, ಯಂತ್ರೋಪಕರಣ ಎಲ್ಲ ಸೇರಿ ವರ್ಷಕ್ಕೆ 12 ಲಕ್ಷ ಬೇಕೆಂದಾದರೆ ದಿನದ ದರ 10,000 ರೂಪಾಯಿ. ವರ್ಷಕ್ಕೆ 24 ಲಕ್ಷ ಸಂಬಳವಿದ್ದವರ ದಿನಗೂಲಿಯೂ, 240 ದಿನದ ಲೆಕ್ಕದಲ್ಲಿ, ಅಷ್ಟೇ ಆಗಿತ್ತು. ಅದೇ ದಿನದ ದರಕ್ಕೆ ಈಗ ಕೈಗೆ ಹತ್ತುವುದು ಅರ್ಧ ಎಂಬುದು ಮನಸ್ಸಿಗೆ ಇಳಿದರೆ, "ನಮ್ಮವರಲ್ಲವೇ, ಸ್ವಲ್ಪ ನೋಡಿ ಹೇಳಿ" ಎಂಬ ಮಾತಿಗೆ ದರವನ್ನು ಅರ್ಧಕ್ಕೆ ಇಳಿಸುವ ಕೈ ಹಿಂಜರಿಯುತ್ತದೆ. ಗೆಳೆಯರಿಗೆ ಉಚಿತವಾಗಿ ಅರ್ಧ ಗಂಟೆ ಸಲಹೆ ಕೊಡಿರಿ, ಅಥವಾ ಪೂರ್ತಿ ದರಕ್ಕೆ ಕೆಲಸ ಮಾಡಿರಿ. ರಿಯಾಯಿತಿಯ ದರದಲ್ಲಿ ಮಾಡಿದ ಕೆಲಸವೇ ಹೆಚ್ಚು ಗೆಳೆತನಗಳನ್ನು ಕೆಡಿಸುವುದು, ಏಕೆಂದರೆ ಕೊಟ್ಟವರಿಗೆ ಹಣ ಕೊಟ್ಟೆನೆಂಬ ಅಧಿಕಾರ, ಮಾಡಿದವರಿಗೆ ಉಪಕಾರ ಮಾಡಿದೆನೆಂಬ ಭಾವ.

ಹಣ ಬರಲು ತಡವಾಗುವುದು ಈ ಬದುಕಿನ ನಿತ್ಯದ ಕಿರಿಕಿರಿ. ಇದಕ್ಕೆ ನೆರವಾಗುವುದು ಉದ್ಯಮ್ ನೋಂದಣಿ, ಅಂದರೆ ಸಣ್ಣ ಉದ್ಯಮಗಳನ್ನು ಸರ್ಕಾರ ದಾಖಲಿಸಿಕೊಳ್ಳುವ ವ್ಯವಸ್ಥೆ; ಅದು ಅಂತರಜಾಲದಲ್ಲಿ ಉಚಿತವಾಗಿ ಸಿಗುತ್ತದೆ. ಒಬ್ಬರೇ ದುಡಿಯುವವರೂ ಕಿರು ಉದ್ಯಮವಾಗಿ ಅದನ್ನು ಮಾಡಿಸಬಹುದು. 2006ರ ಎಂ.ಎಸ್.ಎಂ.ಇ. (ಕಿರು, ಸಣ್ಣ ಮತ್ತು ಮಧ್ಯಮ ಉದ್ಯಮಗಳ) ಕಾಯಿದೆಯ ಪ್ರಕಾರ, ಲಿಖಿತ ಒಪ್ಪಂದವಿದ್ದರೂ ಕೊಳ್ಳುವವರು 45 ದಿನಗಳೊಳಗೆ ಹಣ ಕೊಡಬೇಕು, ಒಪ್ಪಂದವಿಲ್ಲದಿದ್ದರೆ 15 ದಿನ; ತಡವಾದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. ಅವಧಿ ಮೀರಿದ ಹಣವನ್ನು, ಕೊಡುವವರೆಗೆ, ಕೊಳ್ಳುವವರು ತಮ್ಮ ತೆರಿಗೆ ಲೆಕ್ಕದಲ್ಲಿ ಖರ್ಚೆಂದು ತೋರಿಸುವಂತೆಯೂ ಇಲ್ಲ. ನಾನು ಇದುವರೆಗೆ ಯಾರ ಮೇಲೂ ದೂರು ಹಾಕಿಲ್ಲ. ಬಿಲ್ಲಿನ ಕೆಳಗೆ ಉದ್ಯಮ್ ಸಂಖ್ಯೆಯನ್ನು ಅಚ್ಚು ಹಾಕಿಸಿದ ಮೇಲೆ ಲೆಕ್ಕಪತ್ರ ವಿಭಾಗದವರೇ ಕರೆಮಾಡಿ ವಿಚಾರಿಸತೊಡಗಿದರು. ಗೆಳೆಯನ ಕಂಪನಿಯಾದರೆ ಬಾಕಿಯ ಮಾತನ್ನು ಗೆಳೆಯನೊಡನೆ ಆಡದೆ ಆ ವಿಭಾಗದೊಡನೆಯೇ ಆಡುವುದು ಇಬ್ಬರಿಗೂ ಕ್ಷೇಮ.

ಒಬ್ಬನೇ ಗ್ರಾಹಕನಿಂದ ನಿಮ್ಮ ಗಳಿಕೆಯ ಅರ್ಧಕ್ಕಿಂತ ಹೆಚ್ಚು ಬರತೊಡಗಿದರೆ ಎಚ್ಚರ ವಹಿಸಿರಿ. ಆಗ ನೀವು ನೌಕರಿಯನ್ನು ಬಿಟ್ಟಿಲ್ಲ, ವಿಮೆ, ರಜೆ, ಗ್ರಾಚ್ಯುಟಿಗಳನ್ನು ಮಾತ್ರ ಬಿಟ್ಟಿದ್ದೀರಿ.

ತೆರಿಗೆಯ ವಿಷಯವನ್ನು ಲೆಕ್ಕಪರಿಶೋಧಕರ ಬಳಿ ಒಮ್ಮೆ ಕುಳಿತು ತಿಳಿದುಕೊಳ್ಳಿರಿ. ಇಲ್ಲಿ ಮನೆಯ ಮಾತಿಗೆ ತಟ್ಟುವಷ್ಟನ್ನು ಮಾತ್ರ ಹೇಳುತ್ತೇನೆ. ತಾಂತ್ರಿಕ ಸಲಹೆ, ಎಂಜಿನಿಯರಿಂಗ್, ಕಾನೂನು, ವೈದ್ಯಕೀಯದಂಥ ವೃತ್ತಿಗಳಲ್ಲಿ ವರ್ಷದ ವಸೂಲಿ 50 ಲಕ್ಷದೊಳಗಿದ್ದರೆ, ನಗದು ವ್ಯವಹಾರ ಶೇ. 5 ಮೀರದಿದ್ದರೆ 75 ಲಕ್ಷದವರೆಗೂ, ವಸೂಲಿಯ ಅರ್ಧವನ್ನು ಆದಾಯವೆಂದು ತೋರಿಸುವ ಸರಳ ಪದ್ಧತಿಯಿದೆ. ಅದನ್ನು ಆರಿಸಿಕೊಂಡವರು ಮುಂಗಡ ತೆರಿಗೆಯನ್ನು ಮಾರ್ಚ್ 15ಕ್ಕೆ ಒಂದೇ ಕಂತಿನಲ್ಲಿ ಕಟ್ಟಬಹುದು. ಸೇವೆಗಳ ವಸೂಲಿ ವರ್ಷಕ್ಕೆ 20 ಲಕ್ಷ ದಾಟಿದರೆ ಜಿ.ಎಸ್.ಟಿ. ನೋಂದಣಿ ಆಗಬೇಕು, ಮತ್ತು ಗ್ರಾಹಕರಿಂದ ಬಂದ ಆ 18 ಶೇಕಡ ಒಂದು ದಿನಕ್ಕೂ ನಿಮ್ಮದಲ್ಲ. ನೋಡನೋಡುತ್ತ ಅದನ್ನು ಮನೆಗೆ ಬಳಸಿಕೊಂಡು, ಕಟ್ಟುವ ದಿನ ಹೆಂಡತಿಯ ಒಡವೆಯನ್ನು ಅಡವಿಟ್ಟವರಿದ್ದಾರೆ.

ಊರಿನ ನೆಲದ ಸೆಳೆತವನ್ನೂ ಇಲ್ಲೇ ಹೇಳಿಬಿಡುತ್ತೇನೆ. 2020ರಲ್ಲಿ ಭೂಸುಧಾರಣಾ ಕಾಯಿದೆಯ 79ಎ, 79ಬಿ ಕಲಮುಗಳನ್ನು ತೆಗೆದ ಮೇಲೆ ಕೃಷಿಕರಲ್ಲದವರೂ ಕರ್ನಾಟಕದಲ್ಲಿ ಕೃಷಿಭೂಮಿ ಕೊಳ್ಳಬಹುದಾಗಿದೆ. ಕಂಪನಿ ಬಿಟ್ಟ ಹಣದಲ್ಲಿ ಎರಡು ಎಕರೆ ಕೊಂಡು ಅಡಿಕೆ ಇಡುವವರಿಗೆ ನಾನು ಹೇಳುವುದು, ಆ ಸಸಿಗಳು ಫಸಲಿಗೆ ಬರುವ ಐದಾರು ವರ್ಷ ನಿಮ್ಮ ಒಂದನೆಯ ತಾರೀಖನ್ನು ಯಾರು ನಡೆಸುತ್ತಾರೆಂಬುದನ್ನು ಮೇಲೆ ಹೇಳಿದ ಹಾಳೆಯಲ್ಲಿ ಮೊದಲು ಬರೆಯಿರಿ ಎಂದು. ಊರಿನಲ್ಲಿರುವ ಅಣ್ಣನೋ ಬಾವನೋ ತೋಟ ನೋಡಿಕೊಳ್ಳುವುದಾದರೆ ಅವರ ದುಡಿಮೆಗೆ ಏನು ಕೊಡುವಿರೆಂಬುದನ್ನೂ ಬರೆಯಿರಿ. "ಮನೆಯವರೇ ತಾನೇ" ಎಂದು ಬಿಟ್ಟ ಲೆಕ್ಕ ಫಸಲಿನ ವರ್ಷ ಜಗಳವಾಗಿ ಬರುತ್ತದೆ.

ಹೊಸತೊಡಕಿನ ದಿನ

ಈ ಹಾಳೆಯನ್ನು ವರ್ಷಕ್ಕೊಮ್ಮೆಯಾದರೂ ತೆರೆದು ನೋಡಬೇಕು. ಯುಗಾದಿಯ ಮಾರನೆಯ ದಿನ, ಹೊಸತೊಡಕಿನಂದು ಮಾಡಿದ ಕೆಲಸ ವರ್ಷವಿಡೀ ನಡೆಯುತ್ತದೆಂಬ ನಂಬಿಕೆ ನಮ್ಮ ಕಡೆ ಇದೆ. ಹಣಕಾಸು ವರ್ಷವೂ ಹೆಚ್ಚು ಕಡಿಮೆ ಅದೇ ಹೊತ್ತಿಗೆ ಮುಗಿಯುವುದರಿಂದ ನಾವು ಆ ದಿನದ ಸಂಜೆಯನ್ನು ಇದಕ್ಕೆಂದು ಇಟ್ಟುಕೊಂಡಿದ್ದೇವೆ. ಮೂರು ಖಾತೆಗಳಲ್ಲಿ ಎಷ್ಟಿದೆ, ಗೆರೆಯಿಂದ ಎಷ್ಟು ಮೇಲಿದ್ದೇವೆ, ತಿಂಗಳ ಮೊತ್ತವನ್ನು ಏರಿಸಬೇಕೋ ಇಳಿಸಬೇಕೋ, ಹಿಂದಿನ ವರ್ಷ ಯಾರ ಯಾವ ಮಾತು ಮನಸ್ಸಿನಲ್ಲಿ ಉಳಿದಿದೆ ಎಂದು ಒಂದೊಂದಾಗಿ ನೋಡುತ್ತೇವೆ. ಎರಡನೆಯ ವರ್ಷ ಗೆರೆಗೆ 40,000 ರೂಪಾಯಿಯಷ್ಟೇ ಮೇಲಿದ್ದೆವು. ನಾನು ಎರಡು ಕಂಪನಿಗಳಿಗೆ ಅರ್ಜಿಯನ್ನೂ ಹಾಕಿದ್ದೆ. ಮೂರನೆಯ ವರ್ಷ ತಿಂಗಳ ಮೊತ್ತವನ್ನು 65,000ಕ್ಕೆ ಏರಿಸಿದೆವು, ಮತ್ತು ಆ ದೀಪಾವಳಿಗೆ ಅಮ್ಮ ಸೀರೆಯ ಹಣವನ್ನು ಮಾತಿಲ್ಲದೆ ಸೆರಗಿಗೆ ಕಟ್ಟಿಕೊಂಡಳು.

ಈ ವರ್ಷದ ಹೊಸತೊಡಕಿನ ಸಂಜೆ ಲೆಕ್ಕ ಮುಗಿಸಿ ನಾನು ಪುಸ್ತಕ ಮುಚ್ಚುವಷ್ಟರಲ್ಲಿ ಯಜಮಾನರು ಅದನ್ನು ತಮ್ಮ ಕಡೆಗೆ ಎಳೆದುಕೊಂಡು, ಖಾಲಿ ಹಾಳೆಯೊಂದನ್ನು ತೆರೆದು, ಮೇಲೆ ತಮ್ಮ ಹೆಸರು ಬರೆದು, "ನನ್ನ ಗ್ರಾಚ್ಯುಟಿ ಎಷ್ಟಾಗುತ್ತೆ ನೋಡೋಣ" ಎಂದರು.